ಕೋಸಿನ ಮಡಿಗೆ ಸುಣ್ಣ



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಗಣಪತಿಯನ್ನು ಕಳಿಸಿಕೊಟ್ಟು ಆಗಿರುತ್ತದೆ. ದೆಹಲಿಯಲ್ಲಿ ಮಳೆ ಹಿಂದೆ ಸರಿಯುವ ಕಾಲ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದರೆ ಗಾಳಿಯಲ್ಲಿ ಒಂದೆಳೆ ತಂಪು, ಹತ್ತು ಗಂಟೆಗೆ ಮತ್ತೆ ಅದೇ ಬೆವರು. ತೋಟದ ಹುಚ್ಚಿರುವವರಿಗೆ ಆ ಒಂದೆಳೆ ತಂಪು ಸಾಕು. ಗುದ್ದಲಿ ಎಲ್ಲಿಟ್ಟೆ ಎಂದು ಹುಡುಕಲು ಶುರುಮಾಡುತ್ತಾರೆ.

ಕಳೆದ ಬಾರಿ ಬಸಳೆ ಚಪ್ಪರದ ಬಗ್ಗೆ ಬರೆದಿದ್ದೆ. ಅದನ್ನು ಓದಿ ದ್ವಾರಕಾದ ಓದುಗರೊಬ್ಬರು ಫೋನ್ ಮಾಡಿದರು. “ಬಸಳೆ ಹೇಗೋ ಬರುತ್ತೆ ಮೇಡಂ, ನಮ್ಮ ಹೂಕೋಸಿನ ಗತಿ ಏನು ಹೇಳಿ. ಎರಡು ವರ್ಷದಿಂದ ಎಲೆ ಮೊರದಷ್ಟು ಬರುತ್ತೆ, ಹೂ ಮಾತ್ರ ನಿಂಬೆಹಣ್ಣಿನಷ್ಟು. ಅದೂ ಕಂದುಗಟ್ಟಿರುತ್ತೆ” ಎಂದರು.

“ಮಡಿಗೆ ಏನೇನು ಹಾಕಿದ್ದಿರಿ?” ಎಂದು ಕೇಳಿದೆ.

“ಗೊಬ್ಬರ, ಬೂದಿ, ಒಂದಿಷ್ಟು ಸುಣ್ಣ. ನಮ್ಮೂರಲ್ಲಿ ಹಾಕ್ತಿದ್ರಲ್ಲ!”

ನನಗೆ ನಗು ತಡೆಯಲಿಲ್ಲ. ಪಾಪ, ಅವರಿಗೆ ಬೇಸರವಾಗಿರಬೇಕು. ಕೂಡಲೇ ಕ್ಷಮೆ ಕೇಳಿದೆ. ನಾನು ನಕ್ಕಿದ್ದು ಅವರನ್ನಲ್ಲ, ನನ್ನನ್ನೇ. 2009ರಲ್ಲಿ ನಮ್ಮ ಮನೆಯ ಮುಂದೆಯೂ ಅಕ್ಷರಶಃ ಇದೇ ನಡೆದಿತ್ತು. ಆ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ. ಜೊತೆಗೆ ಕೋಸಿನ ಜಾತಿಯ ತರಕಾರಿಗಳಿಗೆ ಮಣ್ಣು ಹದ ಮಾಡುವುದು ಹೇಗೆ ಎನ್ನುವುದನ್ನೂ. ಏಕೆಂದರೆ ಹೂಕೋಸು, ಎಲೆಕೋಸು, ನವಿಲುಕೋಸುಗಳ ಹಣೆಬರಹ ಸಸಿ ನೆಡುವ ಮೊದಲೇ ಮಣ್ಣಿನಲ್ಲಿ ಬರೆದಾಗಿರುತ್ತದೆ. ನೆಟ್ಟ ಮೇಲೆ ನಾವು ಮಾಡುವುದೆಲ್ಲ ಬರಿಯ ಉಪಚಾರ.

2009ರ ಬೇಸಿಗೆಯಲ್ಲಿ ನಮ್ಮ ಅಮ್ಮ ತೀರಿಕೊಂಡರು. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಅಪ್ಪಯ್ಯ ಒಬ್ಬರೇ ಆದರು. ತಮ್ಮ ಪರದೇಶದಲ್ಲಿ. ತೋಟವನ್ನು ಗೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ಅಪ್ಪಯ್ಯನನ್ನು ದೆಹಲಿಗೆ ಕರೆದುಕೊಂಡು ಬಂದೆವು. ಅವರು ತಂದದ್ದು ಎರಡು ಚೀಲ ಬಟ್ಟೆ, ಅಮ್ಮ ಪೂಜೆ ಮಾಡುತ್ತಿದ್ದ ತುಳಸಿಯ ಒಂದು ಸಸಿ. ಅದನ್ನು ಅಂಗಳದ ಮಣ್ಣಿನ ಸಮೇತ ಹಾಲಿನ ಪುಡಿಯ ಡಬ್ಬಿಯಲ್ಲಿ ನೆಟ್ಟು, ರೈಲಿನಲ್ಲಿ ಎರಡು ರಾತ್ರಿ ತೊಡೆಯ ಹತ್ತಿರವೇ ಇಟ್ಟುಕೊಂಡು ಬಂದಿದ್ದರು.

ನಮ್ಮದು ಪಶ್ಚಿಮ ದೆಹಲಿಯಲ್ಲಿ ನೆಲಮಹಡಿಯ ಡಿಡಿಎ ಫ್ಲಾಟು. ಮುಂದೆ ಹನ್ನೊಂದು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದೆ. ಎಪ್ಪತ್ತನಾಲ್ಕು ವರ್ಷ ಅಡಿಕೆ ತೋಟದಲ್ಲಿ ಓಡಾಡಿದ ಜೀವಕ್ಕೆ ಅಷ್ಟೇ ನೆಲ. ಭಾಷೆ ಬಾರದು, ನೆರೆಹೊರೆಯವರ ಗುರುತಿಲ್ಲ. ನಮ್ಮವರು ಆಫೀಸಿಗೆ, ಮಗ ಶಾಲೆಗೆ ಹೋದ ಮೇಲೆ ಅಪ್ಪಯ್ಯ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದರು. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು. ಕವಿತೆಗಳಲ್ಲಿ ಬರುವ ವೃದ್ಧಾಪ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕಣ್ಣೆದುರು ಬಂದು ಕೂತಾಗ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಒಂದು ದಿನ ಸುಮ್ಮನೆ, “ಅಪ್ಪಯ್ಯ, ಈ ಜಾಗದಲ್ಲಿ ಏನಾದರೂ ತರಕಾರಿ ಹಾಕೋಣವಾ?” ಎಂದೆ. ಮುಖ ಅರಳಿತು ನೋಡಿ! “ಚಳಿ ದೇಶ, ಹೂಕೋಸು ಹಾಕು ಮಗಾ. ನವಿಲುಕೋಸೂ ಇರ್ಲಿ. ನಿನ್ನ ಅಮ್ಮಂಗೆ ನವಿಲುಕೋಸಿನ ಹುಳಿ ಅಂದ್ರೆ ಪ್ರಾಣ” ಎಂದರು.

ನಾನೂ ನನ್ನ ಪಾಲಿನ ಸಿದ್ಧತೆ ಮಾಡಿಕೊಂಡೆ. ಆಗ ದರಿಯಾಗಂಜಿನ ಫುಟ್‌ಪಾತಿನ ಮೇಲೆ ಭಾನುವಾರದ ಹಳೆಪುಸ್ತಕ ಬಜಾರ್ ನಡೆಯುತ್ತಿತ್ತು. (2019ರಲ್ಲಿ ಅದನ್ನು ಬೇರೆ ಕಡೆಗೆ ಸಾಗಿಸಿದರು.) ಅಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ತರಕಾರಿ ತೋಟದ ಪುಸ್ತಕವೊಂದು ಮೂವತ್ತು ರೂಪಾಯಿಗೆ ಸಿಕ್ಕಿತು. ಕೋಸಿನ ಅಧ್ಯಾಯದ ಮೊದಲ ಪುಟದಲ್ಲೇ ಮಣ್ಣಿಗೆ ಸುಣ್ಣ ಹಾಕಿ ಎಂದು ಬರೆದಿತ್ತು. ಅಪ್ಪಯ್ಯನಿಗೆ ಓದಿ ಹೇಳಿದೆ. “ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ. ಸುಣ್ಣ ಹಾಕದೇ ಮಣ್ಣಿನ ಹುಳಿ ಹೋಗೋದು ಹೇಗೆ?” ಎಂದರು. ಇಂಗ್ಲೆಂಡಿನ ಪುಸ್ತಕ, ತೀರ್ಥಹಳ್ಳಿಯ ಅಪ್ಪಯ್ಯ, ಇಬ್ಬರದೂ ಒಂದೇ ಮಾತು! ಇನ್ನು ಯಾರನ್ನು ಕೇಳಬೇಕು? ಬಣ್ಣದ ಅಂಗಡಿಯಿಂದ ಗೋಡೆಗೆ ಬಳಿಯುವ ಸುಣ್ಣ ಮೂರು ಕಿಲೋ ತಂದು ಮಡಿಗೆ ಬೆರೆಸಿದೆವು. ಪಕ್ಕದ ಬ್ಲಾಕಿನ ಮಾಲಿ ನಿಂತು ನೋಡಿ, “ಅಮ್ಮಾಜಿ, ಚೂನಾ ತೋ ಪಾನ್ ಮೇ ಲಗತಾ ಹೈ” ಎಂದ. ಸುಣ್ಣ ಹಚ್ಚುವುದು ಎಲೆಯಡಿಕೆಗಲ್ಲವೇ ಅಂತ. ನಾವು ತಲೆಗೆ ಹಾಕಿಕೊಳ್ಳಲಿಲ್ಲ.

ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಜನವರಿಯಲ್ಲಿ ನಲವತ್ತು ಗಿಡದಲ್ಲಿ ಒಂದು ಹೂವೂ ಅಡಿಗೆಮನೆಗೆ ಬರುವಂತಿರಲಿಲ್ಲ. ಚಿಕ್ಕ ಹೂಗಳು, ಮೇಲೆ ನೀರು ಹೀರಿದಂಥ ಕಂದು ಮಚ್ಚೆ. ದಂಟು ಕೊಯ್ದರೆ ಒಳಗೆ ಟೊಳ್ಳು. ಬೇಯಿಸಿದರೆ ಕಹಿ. ನವಿಲುಕೋಸು ಅಡಿಕೆ ಗಾತ್ರಕ್ಕೇ ನಿಂತುಬಿಟ್ಟಿತು.

ತರಕಾರಿ ಹೋದರೆ ಮಂಡಿಯಿಂದ ತರಬಹುದು. ಆದರೆ ಅಪ್ಪಯ್ಯ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. ಮತ್ತೆ ಅದೇ ಕುರ್ಚಿ, ಅದೇ ಗೋಡೆ. ಒಂದು ರಾತ್ರಿ ಊಟದ ತಟ್ಟೆಯ ಮುಂದೆ, “ನನ್ನ ಕೈಗುಣ ತುಂಗೆ ದಾಟಿ ಬರ್ಲಿಲ್ಲ ಮಗಾ. ನಂಗೆ ವಾಪಸ್ ಟಿಕೆಟ್ ಮಾಡಿಸು” ಎಂದರು. ಬೀಗ ಹಾಕಿದ ಮನೆಗೆ, ದೀಪ ಹಚ್ಚುವವರಿಲ್ಲದ ಮನೆಗೆ. ನಮ್ಮವರು ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಬಾಗಿಲು ತೆರೆದದ್ದು ಮಗನ ಹತ್ತನೆಯ ತರಗತಿಯ ವಿಜ್ಞಾನದ ಪಾಠ. ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಆಮ್ಲವನ್ನು ಕಾರ್ಬೊನೇಟಿನ ಮೇಲೆ ಹಾಕಿದರೆ ಗುಳ್ಳೆ ಬರುತ್ತದೆ ಅಂತ. ಸುಣ್ಣಕಲ್ಲೂ ಕಾರ್ಬೊನೇಟೇ ಅಂತ. ನನಗೇನೋ ಹೊಳೆಯಿತು. ಗೋಬಿ ಮಂಚೂರಿಯನ್ನಿಗೆಂದು ತಂದಿಟ್ಟಿದ್ದ ವಿನಿಗರ್ ಬಾಟಲಿ ಹಿಡಿದು ಅಂಗಳಕ್ಕೆ ಹೋದೆ. ಒಂದು ಚಮಚ ಮಣ್ಣಿನ ಮೇಲೆ ಸುರಿದೆ. ಬುಸ್ಸೆಂದು ನೊರೆ ಎದ್ದಿತು. ನಾವು ಹಾಕಿದ ಸುಣ್ಣವೇ ಇರಬೇಕೆಂದು, ಸುಣ್ಣ ಹಾಕದ ಮೂಲೆಯಿಂದ ಗೇಣುದ್ದ ಆಳದ ಮಣ್ಣು ತೆಗೆದು ಅದಕ್ಕೂ ಸುರಿದೆ. ಅಲ್ಲೂ ನೊರೆ!

ಕುರ್ಚಿಯಿಂದ ನೋಡುತ್ತಿದ್ದ ಅಪ್ಪಯ್ಯ ಎದ್ದು ಬಂದರು. ಬಾಟಲಿ ನನ್ನ ಕೈಯಿಂದ ತೆಗೆದುಕೊಂಡರು. ತುಳಸಿ ಡಬ್ಬಿಯಿಂದ ಒಂದು ಚಿಟಿಕೆ ಊರಿನ ಮಣ್ಣು ತೆಗೆದು ತಟ್ಟೆಯಲ್ಲಿಟ್ಟು, “ತಪ್ಪಾಯ್ತು ತಾಯಿ” ಎಂದು ತುಳಸಿಗೆ ಕೈಮುಗಿದು, ವಿನಿಗರ್ ಹನಿಸಿದರು. ಕೆಂಪು ಮಣ್ಣು ನೆನೆಯಿತು. ಒಂದು ಗುಳ್ಳೆಯೂ ಬರಲಿಲ್ಲ. ಎರಡು ತಟ್ಟೆಗಳನ್ನೂ ತುಂಬ ಹೊತ್ತು ನೋಡಿದರು. ಆಮೇಲೆ, “ಪರೀಕ್ಷೆ ಮಾಡ್ದೇ ಔಷಧಿ ಕೊಟ್ವಲ್ಲ ಮಗಾ. ರೋಗಿ ಉಳೀತಾನಾ?” ಎಂದರು. ಅಮ್ಮ ಹೋದ ಮೇಲೆ ಅವರು ನಕ್ಕಿದ್ದು ನಾನು ಕಂಡದ್ದು ಅಂದೇ ಮೊದಲು.

ಈಗ ಕಾರಣಕ್ಕೆ ಬರೋಣ. ಮಣ್ಣಿನ ಹುಳಿ, ಕ್ಷಾರ ಅಳೆಯುವುದಕ್ಕೆ ರಸಸಾರ ಅಥವಾ ಪಿಎಚ್ ಎಂಬ ಅಳತೆ ಇದೆ. ಏಳು ಎಂದರೆ ಸಮ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ನಿಂಬೆರಸ ಎರಡರ ಹತ್ತಿರ, ಸುಣ್ಣದ ತಿಳಿ ಹನ್ನೆರಡರ ಹತ್ತಿರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಕೋಸಿನ ಜಾತಿಗೆ ಆರರಿಂದ ಏಳರವರೆಗಿನ ಮಣ್ಣು ಇಷ್ಟ. ಏಳೂವರೆಯಾದರೂ ಹೊಂದಿಕೊಳ್ಳುತ್ತವೆ.

ನಮ್ಮ ಮಲೆನಾಡಿನಲ್ಲಿ ಮಳೆ ಎಷ್ಟು? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಅಷ್ಟು ನೀರು ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿಮಣ್ಣು. ಅದಕ್ಕೇ ಅಲ್ಲಿ ತೋಟಕ್ಕೆ ಸುಣ್ಣ ಹಾಕುವುದು, ತರಕಾರಿ ಮಡಿಗೆ ಒಲೆಯ ಬೂದಿ ಎರಚುವುದು. ಇಂಗ್ಲೆಂಡಿನಲ್ಲೂ ಮಳೆಯ ದೆಸೆಯಿಂದ ಅನೇಕ ಕಡೆ ಮಣ್ಣು ಹುಳಿ. ಹುಳಿಮಣ್ಣಿನಲ್ಲಿ ಕೋಸಿನ ಬೇರು ಗಂಟುಗಟ್ಟುವ ಒಂದು ರೋಗವಿದೆ. ಸುಣ್ಣ ಅದನ್ನು ತಗ್ಗಿಸುತ್ತದೆ. ಹಾಗಾಗಿ ಪುಸ್ತಕವೂ ಸರಿ, ಅಪ್ಪಯ್ಯನೂ ಸರಿ, ಅವರವರ ಊರಿನಲ್ಲಿ.

ದೆಹಲಿಯ ಕಥೆ ಬೇರೆ. ಇಲ್ಲಿ ಮಳೆ ಅದರ ಹತ್ತನೆಯ ಒಂದು ಪಾಲಿನಷ್ಟು. ಯಮುನೆ ತಂದು ಹಾಸಿದ ಮೆಕ್ಕಲು ಮಣ್ಣಿನಲ್ಲಿ ಸುಣ್ಣದಂಶ ಹಾಗೇ ಉಳಿದಿದೆ. ಬೇಸಿಗೆಯ ಬಿಸಿಲು ಕೆಳಗಿನ ಲವಣಗಳನ್ನೂ ಮೇಲಕ್ಕೆಳೆಯುತ್ತದೆ. ಸಾಮಾನ್ಯವಾಗಿ ರಸಸಾರ ಏಳೂವರೆಯಿಂದ ಎಂಟೂವರೆ. ಇದರ ಮೇಲೆ ನಮ್ಮ ಫ್ಲಾಟುಗಳ ಮುಂದೆ ಇರುವುದು ಮಣ್ಣೇ ಅಲ್ಲ, ಅರ್ಧ ಮಲಬಾ. ಕಟ್ಟಡ ಕಟ್ಟಿದವರು ಹೂತು ಹೋದ ಸಿಮೆಂಟು, ಗಾರೆ, ಇಟ್ಟಿಗೆ ಚೂರು. ಅದೂ ಕ್ಷಾರವೇ. ಇಂಥ ಮಣ್ಣಿಗೆ ಮತ್ತೆ ಸುಣ್ಣ ಸುರಿದರೆ ಉಪ್ಪಾದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ.

ಕ್ಷಾರ ಹೆಚ್ಚಾದರೆ ಗಿಡಕ್ಕೆ ಆಗುವ ತೊಂದರೆ ಏನು? ಮಣ್ಣಿನಲ್ಲಿ ಬೋರಾನ್, ಸತು, ಕಬ್ಬಿಣ ಇದ್ದರೂ ಬೇರಿಗೆ ಸಿಕ್ಕುವುದಿಲ್ಲ. ಬೀರು ತುಂಬ ಸೀರೆ ಇದ್ದು ಬೀಗದ ಕೈ ಕಳೆದಂತೆ. ಅದರಲ್ಲೂ ಹೂಕೋಸಿಗೆ ಬೋರಾನ್ ಸಿಗದಿದ್ದರೆ ದಂಟು ಟೊಳ್ಳಾಗುತ್ತದೆ, ಹೂವಿನ ಮೇಲೆ ಕಂದು ಮಚ್ಚೆ ಬರುತ್ತದೆ, ರುಚಿ ಕಹಿಯಾಗುತ್ತದೆ. ನಮಗೆ ಆದದ್ದು ಅದೇ. ದ್ವಾರಕಾದವರಿಗೂ ಅದೇ ಆಗಿರಬೇಕು.

ವಿನಿಗರ್ ಪರೀಕ್ಷೆ ಮೊದಲ ಸುಳಿವು ಮಾತ್ರ. ಸರಿಯಾದ ಲೆಕ್ಕಕ್ಕೆ ಮಣ್ಣು ಪರೀಕ್ಷೆ ಮಾಡಿಸಬೇಕು. ಗೊಬ್ಬರ ಹಾಕುವ ಮೊದಲು, ಮಡಿಯ ಐದಾರು ಕಡೆ ಮೇಲಿನ ಕಸ ಸರಿಸಿ, ಆರಂಗುಲ ಆಳಕ್ಕೆ ಕುಳಿ ತೋಡಿ, ಕುಳಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದುಕೊಳ್ಳಬೇಕು. ಎಲ್ಲ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಬಟ್ಟೆಯ ಚೀಲದಲ್ಲಿ ಕಟ್ಟಬೇಕು. ಅಪ್ಪಯ್ಯ, ನಾನು ಆ ಚೀಲ ಹಿಡಿದು ಪೂಸಾ ಸಂಸ್ಥೆಗೆ ಹೋದೆವು. ಹೋಗುವಾಗ ಬಸ್ಸಿನಲ್ಲಿ ಅವರಿಗೆ ಅದರ ಕಥೆ ಹೇಳಿದೆ. 1905ರಲ್ಲಿ ಬಿಹಾರದ ಪೂಸಾ ಎಂಬ ಊರಿನಲ್ಲಿ ಶುರುವಾದ ಕೃಷಿ ಸಂಶೋಧನಾ ಸಂಸ್ಥೆ ಅದು. 1934ರ ಭೂಕಂಪದಲ್ಲಿ ಕಟ್ಟಡ ಹಾಳಾಗಿ, 1936ರಲ್ಲಿ ದೆಹಲಿಗೆ ಬಂತು. ಬಂದ ಮೇಲೂ ಜನ ಊರಿನ ಹೆಸರಿನಿಂದಲೇ ಕರೆಯುತ್ತಾರೆ. “ಓ, ಇದೂ ಮನೆ ಬಿದ್ದು ಬಂದದ್ದಾ?” ಎಂದರು ಅಪ್ಪಯ್ಯ. ನಮ್ಮ ಮಣ್ಣಿನ ರಸಸಾರ 8.4 ಎಂದು ವರದಿ ಬಂತು. ಟಿಕೆಟ್ಟಿನ ಮಾತು ಮತ್ತೆ ಅವರು ಎತ್ತಲಿಲ್ಲ.

ಇನ್ನು ನಾವು 2010ರಲ್ಲಿ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಅಪ್ಪಯ್ಯ ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಇದು. ಎಲ್ಲವೂ ಹತ್ತು ಚದರ ಮೀಟರಿಗೆ, ಅಂದರೆ ಸುಮಾರು 110 ಚದರ ಅಡಿ ಜಾಗಕ್ಕೆ. ನಿಮ್ಮ ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲನೆಯದು ಅಗೆತ. ಮೇ ತಿಂಗಳಲ್ಲಿ ಒಂದಡಿ ಆಳ ಅಗೆದು, ಕೈಗೆ ಸಿಕ್ಕ ಮಲಬಾ ಎಲ್ಲ ಆರಿಸಿ ತೆಗೆದೆವು. ಹದಿನೇಳು ತಸಲಾ ಬಂತು! ಆಮೇಲೆ ನೀರು ಹಾಯಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ಐದು ವಾರ ಬಿಟ್ಟೆವು. ದೆಹಲಿಯ ಬಿಸಿಲನ್ನು ಬೈಯುತ್ತೇವಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ. ಹಾಳೆಯಡಿ ಮಣ್ಣು ಕಾದು ಕಳೆಯ ಬೀಜ, ಹುಳ, ಸಸಿಯ ಬುಡ ಕೊಳೆಸುವ ಬೂಷ್ಟು ಬಹುಪಾಲು ಸಾಯುತ್ತವೆ. ಕಪ್ಪು ಹಾಳೆ ಬೇಡ. ಬಿಸಿಲು ಒಳಗೆ ಹೋಗಬೇಕು.

ಎರಡನೆಯದು ಹಸಿರು ಗೊಬ್ಬರ. ಜುಲೈ ಮೊದಲ ಮಳೆಗೆ ಎರಡು ಹಿಡಿ ಡಯಂಚದ ಬೀಜ ಚೆಲ್ಲಿದೆವು. ಇಲ್ಲಿನವರು ಢೈಂಚಾ ಎನ್ನುತ್ತಾರೆ. ಕ್ಷಾರದ ಮಣ್ಣಿಗೂ ಅದು ಹೆದರುವುದಿಲ್ಲ. ಆರೇಳು ವಾರಕ್ಕೆ, ಹೂ ಬಿಡುವ ಮೊದಲೇ, ಗಿಡಗಳನ್ನು ಕತ್ತರಿಸಿ ಅಲ್ಲೇ ಮಣ್ಣಿಗೆ ಮುಗುಚಿದೆವು. ಅದು ಕೊಳೆತು ಮಣ್ಣಿಗೆ ಸಾರಜನಕವನ್ನೂ ಮೃದುತ್ವವನ್ನೂ ಕೊಡುತ್ತದೆ.

ಈಗಾಗಲೇ ಗಣಪತಿ ಹಬ್ಬ ಕಳೆದಿದೆ, ಇವೆರಡನ್ನೂ ಮಾಡಲಿಲ್ಲವಲ್ಲ ಎಂದು ಕೊರಗಬೇಡಿ. ಅವನ್ನು ಮುಂದಿನ ವರ್ಷಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಲಬಾ ಮಾತ್ರ ಈಗಲೇ ಆರಿಸಿ ತೆಗೆಯಿರಿ. ಮುಂದಿನದು ಎಲ್ಲರೂ ಈ ತಿಂಗಳು ಮಾಡಬಹುದಾದದ್ದು.

ಮೂರನೆಯದು ಕೊಟ್ಟಿಗೆ ಗೊಬ್ಬರ. ಸಸಿ ನೆಡುವುದಕ್ಕೆ ಮೂರು ನಾಲ್ಕು ವಾರ ಮೊದಲು, ಹತ್ತು ಚದರ ಮೀಟರಿಗೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ. ಪೂರ್ತಿ ಕಳಿತದ್ದೇ ಆಗಬೇಕು. ಹಸಿ ಸಗಣಿ ತಂದು ಹಾಕಿದರೆ ಗೊಣ್ಣೆಹುಳು, ಗೆದ್ದಲು ಎರಡನ್ನೂ ಮನೆಗೆ ಕರೆದಂತೆ. ಕಳಿತ ಗೊಬ್ಬರ ಕಪ್ಪಗಿರುತ್ತದೆ, ವಾಸನೆ ಇರುವುದಿಲ್ಲ, ರಾಶಿಯೊಳಗೆ ಕೈಯಿಟ್ಟರೆ ಬಿಸಿ ತಾಗುವುದಿಲ್ಲ. ಒಮ್ಮೆ ಒಬ್ಬ ವ್ಯಾಪಾರಿ ಹಳೆಯದು ಎಂದು ಹೇಳಿ ಮೇಲೆ ಕಪ್ಪು, ಒಳಗೆ ಹಸಿ ಇರುವ ಚೀಲ ಕೊಟ್ಟು ಹೋದ. ಅಂದಿನಿಂದ ಚೀಲದ ತಳದವರೆಗೂ ಕೈಹಾಕಿ ನೋಡದೆ ಹಣ ಕೊಡುವುದಿಲ್ಲ. ಮನೆಯ ಕಾಂಪೋಸ್ಟ್ ಇದ್ದರೆ ಇನ್ನೂ ಒಳ್ಳೆಯದು. ತರಕಾರಿ ಸಿಪ್ಪೆ, ಒಣ ಎಲೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಎಲ್ಲ ಅದಕ್ಕೆ ಸೇರಲಿ. ಬೂದಿ ಮಾತ್ರ ಬೇಡ, ಅದೂ ಕ್ಷಾರ. ಕ್ಷಾರದ ಮಣ್ಣನ್ನು ಒಂದೇ ವರ್ಷದಲ್ಲಿ ಬದಲಿಸಲು ಆಗುವುದಿಲ್ಲ. ಆದರೆ ವರ್ಷವರ್ಷವೂ ಗೊಬ್ಬರ ಬೀಳುತ್ತಾ ಬಂದರೆ ಗಿಡಕ್ಕೆ ಅದರ ಬಾಧೆ ಕಡಿಮೆಯಾಗುತ್ತದೆ.

ನಾಲ್ಕನೆಯದು, ಗೊಬ್ಬರದ ಜೊತೆಗೆ ಬೀಳಬೇಕಾದ ಚಿಲ್ಲರೆ ಸಾಮಾನು. ಬೇವಿನ ಹಿಂಡಿ ಒಂದು ಕಿಲೋ. ಸಿಂಗಲ್ ಸೂಪರ್ ಫಾಸ್ಫೇಟ್ ನಾನೂರು ಗ್ರಾಂ. ಎಲುಬಿನ ಪುಡಿ ಹಾಕಿ ಎನ್ನುವವರಿದ್ದಾರೆ. ಕ್ಷಾರದ ಮಣ್ಣಿನಲ್ಲಿ ಅದು ಕರಗುವುದೇ ಕಷ್ಟ. ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಜೊತೆ ಗಂಧಕವೂ ಇದೆ. ಸಾಸಿವೆಯ ಖಾರ, ಮೂಲಂಗಿಯ ಘಾಟು, ಕೋಸು ಬೇಯುವಾಗ ಮನೆಯೆಲ್ಲ ಹರಡುವ ಆ ವಾಸನೆ, ಎಲ್ಲ ಗಂಧಕದ ಕರಾಮತ್ತು. ಹಾಗಾಗಿ ಈ ಕುಟುಂಬಕ್ಕೆ ಗಂಧಕ ಬೇಕೇ ಬೇಕು.

ಕೊನೆಗೆ ಬಿಳಿಗಾರ. ಬೋರಾಕ್ಸ್ ಎಂದರೂ ಅದೇ, ಇಲ್ಲಿ ಸುಹಾಗಾ ಎನ್ನುತ್ತಾರೆ. ಹೆಕ್ಟೇರಿಗೆ ಹತ್ತರಿಂದ ಹದಿನೈದು ಕಿಲೋ ಎನ್ನುವುದು ಹೂಕೋಸಿಗೆ ಹೇಳುವ ಲೆಕ್ಕ. ನಮ್ಮ ಹತ್ತು ಚದರ ಮೀಟರಿಗೆ ಇಳಿಸಿದರೆ ಹತ್ತರಿಂದ ಹದಿನೈದು ಗ್ರಾಂ ಮಾತ್ರ! ಕಣ್ಣಳತೆ ಬೇಡ, ತೂಗಿಯೇ ಹಾಕಿ. ಅದನ್ನು ಒಂದು ಬಕೆಟ್ ಒಣ ಮರಳಿಗೆ ಚೆನ್ನಾಗಿ ಬೆರೆಸಿ ಮಡಿಯ ತುಂಬ ಸಮನಾಗಿ ಎರಚಿ. ಒಳ್ಳೆಯದೆಂದು ಹಿಡಿಗಟ್ಟಲೆ ಹಾಕಿದರೆ ಅದೇ ಬೋರಾನ್ ಗಿಡಕ್ಕೆ ವಿಷ. ಪ್ರತಿ ವರ್ಷವೂ ಬೇಡ. ದಂಟು ಟೊಳ್ಳಾಗುವುದು ಕಂಡರೆ ಮಾತ್ರ. ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

ಐದನೆಯದು ಹದ. ಇದು ನಾವು ಅಡಿಗೆ ಮಾಡುವವರಿಗೆ ಬೇಗ ತಿಳಿಯುತ್ತದೆ. ಎಲ್ಲ ಬೆರೆಸಿ, ನೀರು ಹಾಯಿಸಿ, ಎರಡು ಮೂರು ದಿನ ಬಿಟ್ಟು ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ರವೆ ಉಂಡೆಯಂತೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಉಂಡೆಯೇ ನಿಲ್ಲದಿದ್ದರೆ ಮರಳು ಹೆಚ್ಚು, ಇನ್ನಷ್ಟು ಗೊಬ್ಬರ ಬೇಕು. ಕಡುಬಿನ ಹಿಟ್ಟಿನಂತೆ ಅಂಟಿದರೆ ಇನ್ನೂ ಒದ್ದೆ, ಎರಡು ದಿನ ತಡೆಯಿರಿ. ಒದ್ದೆಯಲ್ಲಿ ಅಗೆದರೆ ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತದೆ.

ಆರನೆಯದನ್ನು ಕೇಳಿ ಅನೇಕರು ಹುಬ್ಬೇರಿಸುತ್ತಾರೆ. ಉಳಿದ ತರಕಾರಿಗೆ ಮಣ್ಣು ಹತ್ತಿಯಂತೆ ಇರಲಿ ಎನ್ನುತ್ತೇವೆ. ಕೋಸಿಗೆ ಮಾತ್ರ ಮಣ್ಣು ಬಿಗಿಯಾಗಿರಬೇಕು. ಇಷ್ಟು ಸಣ್ಣ ಬೇರಿನ ಮೇಲೆ ಒಂದು ಕಿಲೋ ಹೂವೋ ಗಡ್ಡೆಯೋ ಕೂರಬೇಕು, ನೋಡಿ. ಮಣ್ಣು ಸಡಿಲವಾದರೆ ಗಿಡ ಓಲಾಡುತ್ತದೆ, ಎಲೆಕೋಸು ಗಟ್ಟಿಯಾಗಿ ಸುತ್ತಿಕೊಳ್ಳುವುದಿಲ್ಲ. ಆದ್ದರಿಂದ ಎಲ್ಲ ಬೆರೆಸಿದ ಮೇಲೆ ಹತ್ತು ಹದಿನೈದು ದಿನ ಮಣ್ಣು ತಾನಾಗಿ ಕೂರಲು ಬಿಡಿ. ನೆಡುವ ಮೊದಲು, ಮಣ್ಣು ಒದ್ದೆ ಇಲ್ಲದಾಗ, ಮಡಿಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮೆಲ್ಲನೆ ತುಳಿದುಬನ್ನಿ. ಇಂಗ್ಲಿಷ್ ಪುಸ್ತಕದ ಈ ಮಾತು ಮಾತ್ರ ಇಲ್ಲಿಗೂ ಸರಿಹೊಂದಿತು. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ಮಡಿ ತುಳಿಯುತ್ತಿದ್ದುದನ್ನು ನೋಡಿ, ಎದುರುಮನೆಯ ಪಂಜಾಬಿ ಅಜ್ಜಿ ಏನೋ ವ್ರತವೆಂದು ತಿಳಿದು ದೂರದಿಂದಲೇ ಕೈಮುಗಿದಿದ್ದರು.

ಇನ್ನೊಂದು ಮಾತು, ಜಾಗ ಬದಲಿಸುವುದು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ನೋಡಲು ಬೇರೆಯಾದರೂ ಒಂದೇ ತಾಯಿಯ ಮಕ್ಕಳು. ಒಬ್ಬಳು ಎಲೆಯಲ್ಲಿ, ಒಬ್ಬಳು ಹೂವಿನಲ್ಲಿ, ಒಬ್ಬಳು ದಂಟಿನಲ್ಲಿ ದಪ್ಪಗಾಗಿದ್ದಾಳೆ ಅಷ್ಟೆ. ಸಾಸಿವೆ, ಮೂಲಂಗಿ, ಶಲ್ಗಮ್ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ಒಬ್ಬರಿಗೆ ತಗುಲಿದ ರೋಗ, ಹುಳ ಎಲ್ಲರಿಗೂ. ಹೋದ ವರ್ಷ ಮೂಲಂಗಿಯನ್ನೋ ಸರ್‌ಸೋಂ ಸೊಪ್ಪನ್ನೋ ಬೆಳೆದ ಮಡಿಯಲ್ಲಿ ಈ ವರ್ಷ ಕೋಸು ಬೇಡ. ಬಟಾಣಿ, ಹುರುಳಿಕಾಯಿ ಬೆಳೆದ ಜಾಗ ಸಿಕ್ಕಿದರೆ ಅದೃಷ್ಟ. ಅವು ಮಣ್ಣಿನಲ್ಲಿ ಸಾರಜನಕ ಬಿಟ್ಟುಹೋಗಿರುತ್ತವೆ.

ಬಾಲ್ಕನಿಯವರಿಗೆ: ಹನ್ನೆರಡು ಅಂಗುಲದ ಕುಂಡಕ್ಕೆ ಒಂದೇ ಹೂಕೋಸು, ಇಲ್ಲವೇ ಎರಡು ನವಿಲುಕೋಸು. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಮಣ್ಣು ಅಂಟುವಂತಿದ್ದರೆ ಸ್ವಲ್ಪ ಮರಳು. ಕಟ್ಟಡದ ಕೆಲಸ ನಡೆಯುವಲ್ಲಿಂದ ಮಣ್ಣು ತರಬೇಡಿ. ಮಡಿಯಲ್ಲಾದರೆ ಹೂಕೋಸಿಗೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ನವಿಲುಕೋಸಿಗೆ ಒಂದಡಿ ಅಂತರ. ಸಸಿಯನ್ನು ಸಂಜೆ ನೆಡಿ. ಬೀಜ ಕೊಳ್ಳುವಾಗ ತಳಿ ಯಾವ ತಿಂಗಳಿನದು ಎಂದು ಕೇಳಿ. ಪೂಸಾ ಸ್ನೋಬಾಲ್‌ನಂಥ ತಡವಾದ ತಳಿಯನ್ನು ಬೇಗ ಬಿತ್ತಿದರೆ ಎಲೆಯೇ ಎಲೆ. ಬೇಗನೆಯ ತಳಿಯನ್ನು ತಡವಾಗಿ ಬಿತ್ತಿದರೆ ಗುಂಡಿಯಷ್ಟು ಹೂ. ಇದನ್ನು ಮುಂದಿನ ತಿಂಗಳು ವಿವರವಾಗಿ ಬರೆಯುತ್ತೇನೆ.

2011ರ ಜನವರಿಯಲ್ಲಿ ನಮ್ಮ ಮಡಿಯಿಂದ ಮೊದಲು ಕೈಗೆ ಬಂದದ್ದು ನವಿಲುಕೋಸು. ಅಪ್ಪಯ್ಯನೇ ಕಿತ್ತು ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು. ಹುಳಿ ಮಾಡಿ, ಒಂದು ಎಲೆಯಲ್ಲಿ ಅಮ್ಮನ ಫೋಟೋದ ಮುಂದೆ ಇಟ್ಟು, ಆಮೇಲೆ ಊಟಕ್ಕೆ ಕೂತೆವು. ಮೊದಲ ಹೂಕೋಸು ಮಾಲಿಗೆ ಹೋಯಿತು. “ಸುಣ್ಣ ಹಾಕ್ಬೇಡಿ ಅಂತ ಅವನೊಬ್ಬನೇ ಹೇಳಿದ್ದಲ್ವಾ” ಎಂದರು ಅಪ್ಪಯ್ಯ. ಆ ವರ್ಷ ನಮ್ಮ ಸಂಘದ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಒಂದು ಚೀಲ ನವಿಲುಕೋಸು ಹೊತ್ತು ತಂದು ಎಲ್ಲರಿಗೂ ಒಂದೊಂದು ಹಂಚಿದ ಮುದುಕರು ಅವರೇ. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು.

2016ರಲ್ಲಿ ಅಪ್ಪಯ್ಯ ಹೋದರು. ಅವರ ಡೈರಿ ನನ್ನ ಹತ್ತಿರ ಇದೆ. ತುಳಸಿಯ ಬೀಜದಿಂದ ಎದ್ದ ಗಿಡಗಳು ಈಗ ದೆಹಲಿಯ ಮಣ್ಣಿನಲ್ಲೇ ಇವೆ. ನನ್ನ ಮೊಣಕಾಲು ಮೊದಲಿನಂತಿಲ್ಲ. ಹಾಗಾಗಿ ಅಗೆಯುವುದಕ್ಕೆ ಮಾಲಿಯನ್ನು ಕರೆಯುತ್ತೇನೆ. ಮಡಿ ತುಳಿಯುವುದು ಮಾತ್ರ ನಾನೇ. ಈ ವರ್ಷದ ಗೊಬ್ಬರದ ಚೀಲ ನಿನ್ನೆ ಬಂತು. ತಳದವರೆಗೂ ಕೈ ಹಾಕಿ ನೋಡಿಯೇ ಹಣ ಕೊಟ್ಟೆ.

ಈಗ ನಿಮ್ಮ ಸರದಿ. ಈ ಭಾನುವಾರ ನಿಮ್ಮ ಮಡಿಯ, ಕುಂಡದ ಮಣ್ಣು ಒಂದು ಚಮಚ ತಟ್ಟೆಯಲ್ಲಿಟ್ಟು ವಿನಿಗರ್ ಹನಿಸಿ ನೋಡಿ. ಊರಿಂದ ತಂದ ತುಳಸಿಯೋ ಕರಿಬೇವೋ ಇದ್ದರೆ ಆ ಮಣ್ಣನ್ನೂ ಪಕ್ಕದಲ್ಲಿಡಿ. ನೊರೆ ಬಂತೋ ಇಲ್ಲವೋ, ಯಾವ ಬಡಾವಣೆ, ಯಾವ ಊರಿನ ಮಣ್ಣು ಎಂದು ಸಂಪಾದಕರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಬಂದದ್ದನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹಾಕೋಣ. ದ್ವಾರಕಾದ ಓದುಗರೇ, ನಿಮ್ಮ ಕಾಗದವೇ ಮೊದಲು ಬರಲಿ. ನಕ್ಕಿದ್ದಕ್ಕೆ ಇನ್ನೊಮ್ಮೆ ಕ್ಷಮೆ ಇರಲಿ.